ಕೋರಾ ಬಟ್ಟೆಯ ವಿಮಾನ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದ ಬಸ್ ನಿಲ್ದಾಣದ ಮೇಲೆ ಕಾರ್ಖಾನೆಯ ಸುಟ್ಟ ಸಿಹಿ ವಾಸನೆ ಬಂದು ಕೂರುತ್ತದೆ. ನಾನು ಮೂಗು ಮುಚ್ಚಿಕೊಂಡೇ ಬಸ್ಸಿಗೆ ಕಾಯುತ್ತೇನೆ. ಈ ವರ್ಷ ಮೂಗಿನ ಜೊತೆಗೆ ಕಣ್ಣನ್ನೂ ಮುಚ್ಚಿಕೊಳ್ಳುವ ಹಾಗಾಯಿತು. ನಿಲ್ದಾಣದ ಎದುರಿನ ಕಟಿಂಗ್ ಅಂಗಡಿಯವನು ತನ್ನ ಬೋರ್ಡಿನ ಮೇಲೆ ಹಳದಿ ವಿಮಾನವೊಂದನ್ನು ಬರೆಸಿದ್ದಾನೆ. ವಿಮಾನದೊಳಗೆ ಮೀಸೆ ತಿರುವಿದ ಒಂದು ಮುಖ, ಕೆಳಗೆ 'ನಮ್ಮೂರ ಹುಲಿ' ಎಂಬ ಅಕ್ಷರ.

ಆ ಹುಲಿ ನನ್ನ ಸೋದರಮಾವ ಮಲ್ಲಪ್ಪ, ನನ್ನ ಅಕ್ಕ ಶೈಲಾಳ ಗಂಡ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ರೂಢಿ. ಅವನು ಸತ್ತ ಚಳಿಗಾಲದ ಬಗ್ಗೆ ಬರೆಯಬೇಕು ಅನ್ನಿಸಿದ್ದು ಆ ಬೋರ್ಡು ಕಂಡ ಸಿಟ್ಟಿನಿಂದ. ನಾನು ದಿನಚರಿ ಇಡುವವಳು. ಕಣ್ಣಾರೆ ಕಂಡದ್ದನ್ನು ಒಂದು ಕಡೆ, ಮಂದಿ ಹೇಳಿದ್ದನ್ನು ಇನ್ನೊಂದು ಕಡೆ ಇಡುವುದು ನನ್ನ ಅಭ್ಯಾಸ. ಇಲ್ಲಿ ಬರೆಯುತ್ತಿರುವುದೆಲ್ಲ ಕಂಡದ್ದು. ಕೇಳಿದ್ದಾದರೆ ಹಾಗೆಂದು ಹೇಳುತ್ತೇನೆ.

ಆ ವರ್ಷ ನಾನು ಜಮಖಂಡಿಯ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದೆ. ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅವ್ವ ನಾನು ಸಾಲೆಯಲ್ಲಿರುವಾಗಲೇ ತೀರಿಕೊಂಡಿದ್ದಳು. ಅಪ್ಪ ಈರಣ್ಣ ನೇಕಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು, ಅವುಗಳ ಸದ್ದು ನಿಂತರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅಕ್ಕ ರನ್ನ ಬೆಳಗಲಿಯಲ್ಲಿ ಮಾವನ ಮನೆಯಲ್ಲಿದ್ದಳು. ಅವಳ ಅತ್ತೆಯೆಂದರೆ ಬೇರೆ ಯಾರೂ ಅಲ್ಲ, ನಮ್ಮ ಅವ್ವನ ತಾಯಿ. ನಾವಿಬ್ಬರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದೆವು.

ಮಾಮಾ ಡಿಪ್ಲೊಮಾ ಓದಿದ್ದ. ಮುಧೋಳದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟಿದ್ದ. ಕೈ ಚುರುಕು, ಮಾತು ಇನ್ನೂ ಚುರುಕು. ಹೊಗಳಿದರೆ ಮಾತ್ರ ಅವನ ಬುದ್ಧಿ ಕೈಕೊಡುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ವಿಮಾನ ಕಟ್ಟುವ ಹುಚ್ಚು ಹಿಡಿಯಿತು. ಮನೆಯ ಪಕ್ಕದ ದನದ ಕೊಟ್ಟಿಗೆ ಖಾಲಿಯಾಯಿತು. ಹಳೆಯ ಕಾರಿನ ಎಂಜಿನ್ನು, ಅಲ್ಯುಮಿನಿಯಂ ಪೈಪು, ಬೈಕಿನ ಗಾಲಿ ಬಂದವು. ಒಬ್ಬನೇ ಕೂರುವಷ್ಟು ಜಾಗ. ಪರವಾನಗಿ ಬೇಕಲ್ಲ ಎಂದು ಅಪ್ಪ ಕೇಳಿದ್ದಕ್ಕೆ, "ಮೊದಲ ಹಾರೂದ ತೋರಸ್ತೇನಿ ಭಾವಾ, ಆಮ್ಯಾಲೆ ಅವರ ಕಾಗದ ಹಿಡಕೊಂಡ ಮನಿಗಿ ಬರತಾರ" ಎಂದು ನಕ್ಕಿದ್ದ.

ಊರಿನವರಿಗೆ ಅವನೊಂದು ತಮಾಷೆಯಾದ. ಸಂಜೆಯಾದರೆ ಕೊಟ್ಟಿಗೆಯ ಮುಂದೆ ಗುಂಪು.

"ಮುಧೋಳದ ನಾಯಿ ಓಡೂದ ನೋಡಿದ್ವಿ, ಬೆಳಗಲಿ ಕೊಟಗಿ ಹಾರೂದ ನೋಡಿರಲಿಲ್ಲ ನೋಡು!"

"ಲೇ ಮಲ್ಲ್ಯಾ, ಟಿಕೀಟ ಎಷ್ಟೋ?"

"ಹತ್ತೂದ ಪುಕ್ಕಟ ಕಾಕಾ. ಇಳಿಯೂದಕ್ಕ ರೊಕ್ಕ."

ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಮಾಮಾ ನಗುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಮಾತ್ರ ನಗುತ್ತಿರಲಿಲ್ಲ. ಅವಳ ಮಗ ಆಗ ಇನ್ನೂ ಅಂಬೆಗಾಲಿಡುವ ಕೂಸು.

ರೆಕ್ಕೆಗೆ ಬಟ್ಟೆ ಬೇಕಾಯಿತು. ಹೊರಗಿನ ಬಟ್ಟೆ ತರಿಸಬಹುದಿತ್ತು. ಮಾಮಾ ಅಪ್ಪನ ಬಳಿ ಬಂದ. "ಭಾವಾ, ನನ್ನ ವಿಮಾನಕ್ಕ ನಿಮ್ಮ ಕೈ ಬಟ್ಟಿನ ಬೇಕು" ಅಂದ. ಅಪ್ಪನಿಗೆ ಅದರಿಂದ ಎಷ್ಟು ಖುಷಿಯಾಯಿತು ಎಂದು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಒಂದು ಮಗ್ಗದ ಸೀರೆ ಇಳಿಸಿ, ಒಳ್ಳೆಯ ಹತ್ತಿ ನೂಲು ತಂದು, ದಟ್ಟವಾಗಿ ನೇಯ್ದ. ಯಾವ ಮಗ್ಗಕ್ಕಾದರೂ ಹಾಸಿನ ನೂಲಿಗೆ ಗಂಜಿ ಹಾಕಲೇಬೇಕು, ಇಲ್ಲದಿದ್ದರೆ ಎಳೆ ನಿಲ್ಲುವುದಿಲ್ಲ. ಹಾಗೆ ಗಂಜಿಯ ಸಮೇತ ಮಗ್ಗದಿಂದ ಇಳಿದು ಇನ್ನೂ ನೀರು ಮುಟ್ಟದ ಬಟ್ಟೆಗೆ ನಮ್ಮಲ್ಲಿ ಕೋರಾ ಎನ್ನುತ್ತಾರೆ. ದೇವರಿಗೆ ಏರಿಸುವುದು ಕೋರಾ, ಮದುವೆಯಲ್ಲಿ ಮೊದಲು ಉಡುವುದು ಕೋರಾ. ಒಮ್ಮೆ ನೀರಿಗೆ ಬಿದ್ದರೆ ಅದು ಹಳೆಯ ಬಟ್ಟೆಯ ಲೆಕ್ಕ.

ದೀಪಾವಳಿಯ ರಜೆಗೆ ನಾನೇ ಆ ಬಟ್ಟೆಯ ಥಾನು ಹೊತ್ತುಕೊಂಡು ಬೆಳಗಲಿಗೆ ಹೋದೆ. ಮರುದಿನ ಬೆಳಿಗ್ಗೆ ನಡೆದದ್ದನ್ನು ಕಂಡವರು ನಾಲ್ಕು ಜನ: ಮಾಮಾ, ಆಯಿ, ಅಕ್ಕ, ನಾನು.

ಮಾಮಾ ಹಿತ್ತಲಿನ ತೊಟ್ಟಿಗೆ ನೀರು ತುಂಬಿಸಿ ಬಟ್ಟೆ ಬಿಚ್ಚಿದ. "ಗಂಜಿ ಹೋಗೂ ಹಂಗ ತೊಳದ ಆಮ್ಯಾಲೆ ಬಣ್ಣ ಹಚ್ಚಬೇಕಂತ. ಇಲ್ಲಂದ್ರ ಬಣ್ಣಾ ಅಂಟಾ ಎರಡೂ ನೂಲಿಗಿ ಹಿಡಿಯೂದಿಲ್ಲ, ಸಿಪ್ಪಿ ಬಿಡತಾವು" ಎಂದು ಅಕ್ಕನಿಗೆ ಹೇಳಿದ. ರೆಕ್ಕೆಯ ಬಟ್ಟೆಯನ್ನು ಬಾರಿಸುವ ಹಲಗೆಯ ತೊಗಲಿನಂತೆ ಬಿಗಿಯುವ ಒಂದು ಬಣ್ಣವನ್ನು ಅವನು ತರಿಸಿದ್ದ. ಅಕ್ಕ ಸೆರಗು ಸಿಕ್ಕಿಸಿಕೊಂಡು ತೊಟ್ಟಿಗೆ ಬಂದಳು.

ಆಯಿ ಒಳಗಿನಿಂದ ಓಡಿ ಬಂದು ಥಾನಿನ ಮೇಲೆ ಕೈ ಇಟ್ಟಳು.

"ಏನ ಮಾಡಾಕತ್ತೀರಿ? ಹೊಸಾ ಗಾಡಿಗಿ ತೊಳದ ಬಟ್ಟಿ ಹೊಚ್ಚತೀರೇನು? ಹೆಣದ ಗಾಡಿ ಮಾಡಾವರೇನು ಅದನ್ನ?"

"ಯವ್ವಾ, ಇದು ಸೀರಿ ಅಲ್ಲವಾ. ರೆಕ್ಕಿ."

"ಏನರ ಇರಲಿ. ಮ್ಯಾಲೆ ದೇವರ ಕಡೆ ಹೊಂಟದ್ದು. ಕೋರಾ ಹೊಚ್ಚು. ಇಲ್ಲಂದ್ರ ನಾ ಪೂಜಿಗಿ ಬರೂದಿಲ್ಲ, ನೋಡು."

ಮಾಮಾ ಬಿಚ್ಚಿದ ಬಟ್ಟೆಯನ್ನು ಮತ್ತೆ ಸುತ್ತಿದ. ಆಮೇಲೆ ನಕ್ಕ. "ಆತ ಬಿಡವಾ, ನಿನ್ನ ಮಾತ ಆಗಲಿ. ಗಂಜಿ ಇದ್ರ ಇನ್ನಷ್ಟ ಬಿಗಿ ಬರತೈತಿ" ಎಂದ. ಓದಿ ತಿಳಿದದ್ದನ್ನು ತಾಯಿಯ ಸಮಾಧಾನಕ್ಕೆ ಒಂದು ಗಳಿಗೆಯಲ್ಲಿ ತಿರುಗಿಸಿಕೊಂಡ. ಅಕ್ಕ ಸಿಕ್ಕಿಸಿದ ಸೆರಗು ಬಿಟ್ಟು ಒಳಗೆ ಹೋದಳು. ತೊಟ್ಟಿಯ ನೀರು ಎಮ್ಮೆಗಳಿಗಾಯಿತು.

ಬಟ್ಟೆ ರೆಕ್ಕೆಗೇರಿತು. ಮುಂದಿನ ಅಂಚಿಗೆ ಮಡಚಿ ಅಂಟಿಸಿದ, ಮೇಲೆ ಹಳದಿ ಬಣ್ಣ ಬಳಿದ. ನೋಡಲು ಚೆನ್ನಾಗಿಯೇ ಇತ್ತು, ಬೆರಳಿನಿಂದ ಬಡಿದರೆ ಢಂ ಅನ್ನುತ್ತಿತ್ತು. ಬೀಳಗಿ ಕಡೆಯ ಮಡ್ಡಿಯಲ್ಲಿ, ಬೆಳೆಯಿಲ್ಲದ ಗಟ್ಟಿ ಬಯಲಿನಲ್ಲಿ, ಒಂದು ಉದ್ದನೆಯ ನೆಲವನ್ನು ಟ್ರ್ಯಾಕ್ಟರಿನಿಂದ ಸಮ ಮಾಡಿಸಿ, ಅಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿ ನೋಡುತ್ತಿದ್ದ. ಒಂದಾಳೆತ್ತರ ಎದ್ದು ಮತ್ತೆ ಕೂರುತ್ತಿತ್ತು. ಅದರ ವಿಡಿಯೋ ಊರೂರಿಗೆ ಹರಿದಾಡಿತು. ಒಂದು ಯೂಟ್ಯೂಬ್ ಚಾನೆಲ್‌ನವನು ಬಂದು ಹೋದ. ಜನರ ದನಿ ಬದಲಾಯಿತು. ನಿನ್ನೆಯವರೆಗೆ ಕೊಟ್ಟಿಗೆ ಹಾರುತ್ತದೆ ಎಂದು ಆಡಿಕೊಂಡವರೇ ಈಗ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ದಿನ ಗೊತ್ತು ಮಾಡಿದವರೂ ಅವರೇ: ಸಂಕ್ರಮಣ ಮುಗಿದ ಮೇಲಿನ ಸೋಮವಾರ, ಬೆಳಿಗ್ಗೆ.

ಹಿಂದಿನ ದಿನ ಸಂಜೆಯೇ ವಿಮಾನವನ್ನು ಮಡ್ಡಿಗೆ ಒಯ್ದರು. ಮಂದಿ ನೋಡಲಿ ಎಂದು ಬಯಲಿನಲ್ಲೇ ನಿಲ್ಲಿಸಿದರು. ಆಯಿ ಅದರ ಮುಂದೆ ದೀಪ ಹಚ್ಚಿಟ್ಟು, ಪೂಜೆಯಾದದ್ದನ್ನು ಮುಚ್ಚಬಾರದೆಂದು ತಾಡಪತ್ರಿ ಹೊದಿಸಲು ಬಿಡಲಿಲ್ಲ. ಆ ರಾತ್ರಿ ಇಬ್ಬನಿ ಬಹಳ ಬಿತ್ತು. ಸೋಮವಾರ ನಸುಕಿನಲ್ಲಿ ನಾನು ಅಕ್ಕನ ಜೊತೆ ಹೋದಾಗ ಸುತ್ತಲಿನ ಕಬ್ಬಿನ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ರೆಕ್ಕೆಯನ್ನು ಮುಟ್ಟಿದೆ. ಮುಂದಿನ ಅಂಚಿನಲ್ಲಿ ಬೆರಳು ಅಂಟಿತು. ನಮ್ಮ ಮನೆಯಲ್ಲಿ ಗಂಜಿಯ ಪಾತ್ರೆ ತೊಳೆಯುವಾಗ ಅಂಟುವ ಹಾಗೆ.

"ಮಾಮಾ, ಇದು ಜಿಗಿಜಿಗಿ ಆಗೇತಿ ನೋಡ ಬಾ."

"ಬಿಸಲ ಬಿದ್ರ ಒಣಗತೈತಿ ಬೇ."

"ಹಂಗಾದ್ರ ಬಿಸಲ ಬೀಳೂ ತನಕ ತಡಿ."

ಅವನು ತಡೆಯುತ್ತಿದ್ದನೇನೋ. ಚಾನೆಲ್‌ನವನು ಕೈಗಡಿಯಾರ ತೋರಿಸಿ, "ಅಣ್ಣಾ, ಸೂರ್ಯ ಹುಟ್ಟೂ ಮುಂದ ಹಾರಿದ್ರ ಶಾಟ್ ಬೆಂಕಿ ಬರತೈತಿ" ಅಂದ. ಹಿಂದಿನಿಂದ ಒಬ್ಬ ಕೂಗಿದ: "ಏ ಪೈಲಟ್, ಹಾರತಿಯೋ, ಇಲ್ಲಾ ಕೋಳಿ ಹಂಗ ಜಿಗದ ಬರತಿಯೋ?" ಇನ್ನೊಬ್ಬ ಕೋಳಿಯ ಹಾಗೆ ಕೂಗಿದ. ನೂರಾರು ಜನ ನಕ್ಕರು. ಮಾಮಾನ ಮುಖ ಬಿಗಿಯಾದದ್ದನ್ನು ನಾನು ನೋಡಿದೆ. ಅಕ್ಕ ಕೂಸನ್ನು ಎತ್ತಿಕೊಂಡು ಅವನ ಹತ್ತಿರ ಹೋಗಿ ಏನೋ ಹೇಳಿದಳು. ಅವನು ಅವಳ ಕಡೆ ನೋಡಲೇ ಇಲ್ಲ, ಕೂಸಿನ ಗಲ್ಲ ಹಿಂಡಿ ಹತ್ತಿ ಕೂತ.

ಎಂಜಿನ್ನು ಚೆನ್ನಾಗಿಯೇ ಹೊತ್ತಿಕೊಂಡಿತು. ವಿಮಾನ ಓಡಿತು, ಎದ್ದಿತು, ಬೇವಿನ ಮರಗಳ ಮೇಲೆ ಹೋಯಿತು. ಶಿಳ್ಳೆ, ತೂರಿದ ಭಂಡಾರದ ಅರಿಸಿನ, ಚೀರಾಟ. ತಿರುವು ತೆಗೆದುಕೊಳ್ಳುವಾಗ ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಹಳದಿ ಬಟ್ಟೆ ಒಂದು ಗೇಣಿನಷ್ಟು ಎದ್ದದ್ದು ಕಂಡಿತು. ನೋಡನೋಡುತ್ತ ಅದು ಬಾಳೆಹಣ್ಣಿನ ಸಿಪ್ಪೆಯಂತೆ ಹಿಂದಕ್ಕೆ ಸುಲಿದುಕೊಂಡಿತು. ಒಳಗಿನ ಪೈಪುಗಳ ನಡುವಿನಿಂದ ಆಕಾಶ ಕಾಣಿಸಿತು. ವಿಮಾನ ಎಡಕ್ಕೆ ಹೊರಳಿ, ಕಟಾವಾಗದ ಕಬ್ಬಿನೊಳಗೆ ಮೂತಿ ಕೆಳಗಾಗಿ ಇಳಿಯಿತು.

ಅದರ ಸದ್ದಿನ ಬಗ್ಗೆ ನಾನು ಬರೆಯುವುದಿಲ್ಲ. ಓಡಿದವರ ಬಗ್ಗೆ ಬರೆಯುತ್ತೇನೆ. ಮುಂದೆ ಓಡಿದವರೆಲ್ಲ ಒಂದು ಕೈ ಮೇಲೆತ್ತಿ ಓಡುತ್ತಿದ್ದರು. ಆ ಕೈಯಲ್ಲಿ ಮೊಬೈಲು. ಕೋಳಿಯ ಹಾಗೆ ಕೂಗಿದವನೂ ಅವರಲ್ಲಿದ್ದ. ಅಕ್ಕ ಕೂಸನ್ನು ನನ್ನ ತೋಳಿಗೆ ಎಸೆದು ಕಬ್ಬಿಗೆ ನುಗ್ಗಿದಳು. ಗರಿ ಕೊಯ್ದು ಅವಳ ಎರಡೂ ಕೈ ರಕ್ತವಾಗಿದ್ದವು. ಆಂಬುಲೆನ್ಸು ಬರುವ ಹೊತ್ತಿಗೆ ಮಾಮಾ ಮುಗಿದಿದ್ದ. ಅದೇ ಸಂಜೆ, ಪೊಲೀಸರು ಬಿಟ್ಟ ಮೇಲೆ, ಅವರ ಹೊಲದಲ್ಲೇ ಮಣ್ಣು ಮಾಡಿದರು.

ಎಡ ರೆಕ್ಕೆಯ ಬಟ್ಟೆ ಕಬ್ಬಿನ ಮೇಲೆ ಹರವಿಕೊಂಡಿತ್ತು. ಹರಿದಿರಲಿಲ್ಲ. ಬಣ್ಣ ಮಾತ್ರ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಎರಡು ದಿನದ ಮೇಲೆ ವಿಚಾರಣೆಗೆ ಹೊರಗಿನಿಂದ ಇಬ್ಬರು ಅಧಿಕಾರಿಗಳು ಬಂದರು. ಅವರಲ್ಲೊಬ್ಬರು ಬಟ್ಟೆಯನ್ನು ಉಗುರಿನಿಂದ ಕೆರೆದು, ಬೆರಳು ಮೂಸಿ, "ಇದನ್ನು ತೊಳೆದಿರಲಿಲ್ಲವೇ?" ಎಂದು ಕೇಳಿದರು. ಅಕ್ಕ ನೆಲ ನೋಡಿದಳು. ಆಯಿ ಎದೆ ಬಡಿದುಕೊಂಡು ಅತ್ತಳು: "ತೊಳದ್ರೇನು ಬಿಟ್ರೇನು ಸಾಹೇಬ್ರ, ಕೊಳತ ನೂಲ ಹಾಕಿ ನೇದಾನ ನನ್ನ ಅಳಿಯಾ! ಬಟ್ಟಿ ಹರದ ನನ್ನ ಮಗನ ತಿಂತು!" ನಾನು ಬಾಯಿ ತೆರೆದೆ. ಗಂಡಸರು ನನ್ನನ್ನು ಹಿಂದಕ್ಕೆ ತಳ್ಳಿದರು. ಅಧಿಕಾರಿಗಳು ಪರವಾನಗಿ ಇತ್ತೇ ಎಂದು ಕೇಳಿದರು, ಇಲ್ಲವೆಂದು ಬರೆದುಕೊಂಡು ಹೋದರು.

ಆಯಿಯ ಆ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ 'ಕಳಪೆ ಬಟ್ಟೆಗೆ ಬಲಿಯಾದ ಹುಲಿ' ಎಂಬ ಹೆಸರಿನಲ್ಲಿ ಅದು ಬನಹಟ್ಟಿಯನ್ನೂ ತಲುಪಿತು.

ನೇಕಾರರ ಊರಿನಲ್ಲಿ ಇಂಥ ಮಾತು ಏನು ಮಾಡುತ್ತದೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಅಪ್ಪ ಚಹಾ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಸೀರೆ ಒಯ್ಯುವ ವ್ಯಾಪಾರಿ ಅಂಚನ್ನು ಎರಡು ಕೈಯಿಂದ ಜಗ್ಗಿ ನೋಡಿ, "ಹಾರಿ ಹೋಗೂದಿಲ್ಲಲ್ಲ ಈರಣ್ಣಾ?" ಎಂದು ನಕ್ಕ. ಅವನ ತಂದೆಯ ಕಾಲದಿಂದ ನಮ್ಮ ಮನೆಯ ಸೀರೆ ಒಯ್ದವರು ಅವರು, ಒಮ್ಮೆಯೂ ಜಗ್ಗಿ ನೋಡಿರಲಿಲ್ಲ. ಅಪ್ಪ ಅದೇ ನೂಲಿನ ಉಳಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ದಿನಗಟ್ಟಲೆ ತಪ್ಪು ಹುಡುಕಿದ.

ತೊಟ್ಟಿಯ ಹತ್ತಿರ ನಡೆದದ್ದನ್ನು ನಾನು ಅವನಿಗೆ ಮೊದಲ ದಿನವೇ ಹೇಳಿದ್ದೆ.

"ಹಂಗಾದ್ರ ಮಂದಿಗಿ ಹೇಳೂಣ ನಡಿ" ಅಂದೆ.

"ನಾ ಹೇಳಿದ್ರ ತನ್ನ ತಪ್ಪ ಮುಚ್ಚಾಕತ್ಯಾನ ಅಂತಾರ. ನೀ ಹೇಳಿದ್ರ ಅಪ್ಪನ ಮಗಳು ಅಂತಾರ. ಆ ಮನೀ ಸೊಸಿ ಹೇಳಬೇಕು ವಿದ್ಯಾ. ಶೈಲಾ ಒಂದ ಮಾತ ಅಂದ್ರ ಸಾಕು."

"ಹೇಳತಾಳ?"

"ನನ್ನ ಮಗಳು ಅದಾಳ. ಹೇಳತಾಳ."

ಮಾಮಾ ಸತ್ತ ಮೇಲಿನ ದಿವಸದ ಊಟದ ದಿನ ನಾವಿಬ್ಬರೂ ಬೆಳಗಲಿಗೆ ಹೋದೆವು. ತವರಿನವರು ಅಂದು ಹೊಸ ಬಟ್ಟೆ ಕೊಡುವುದು ಪದ್ಧತಿ. ಅಪ್ಪ ಅಕ್ಕನಿಗೊಂದು, ಆಯಿಗೊಂದು ಸೀರೆ ಒಯ್ದಿದ್ದ, ತಾನೇ ನೇಯ್ದವು. ಪಡಸಾಲೆಯ ತುಂಬ ಮಂದಿ. ಅಪ್ಪ ಬಾಗಿ ಆಯಿಯ ಮುಂದೆ ಸೀರೆ ಇಟ್ಟ. ಆಯಿ ಅದನ್ನು ಎತ್ತಿ ಅಂಗಳಕ್ಕೆ ಎಸೆದಳು.

"ನನ್ನ ಮಗನ ಹೊಚ್ಚಿ ಕೊಂದಿ, ಇನ್ನ ನನಗ ಹೊಚ್ಚಾಕ ಬಂದೀಯೇನೋ ಈರ್ಯಾ?"

ಅಪ್ಪ ಗೋಡೆಯ ಕಡೆ ಸರಿದ. ನಾನು ಎದ್ದು ನಿಂತೆ. ತೊಟ್ಟಿ, ನೀರು, ಕೋರಾ, ಮಾಮಾ ನಕ್ಕದ್ದು, ತಾಡಪತ್ರಿ, ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಿದೆ. ಆಯಿ, "ಸುಳ್ಳ! ಅಪ್ಪಗ ತಕ್ಕ ಮಗಳು!" ಎಂದು ಕೂಗಿದಳು. ಊರ ಹಿರಿಯರೊಬ್ಬರು ಕೈ ಎತ್ತಿ ಸುಮ್ಮನಾಗಿಸಿ ಅಕ್ಕನ ಕಡೆ ತಿರುಗಿದರು. ಅವಳು ಕಂಬಕ್ಕೆ ಒರಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಶೈಲವ್ವಾ, ನೀ ಹೇಳು ತಂಗಿ. ನಿನ್ನ ಮಾತ ಎಲ್ಲಾರೂ ಕೇಳತೇವಿ. ಬಟ್ಟಿ ತೊಳದಿದ್ರೋ ಇಲ್ಲೋ?"

ಅಪ್ಪ ಅವಳನ್ನು ನೋಡಿದ. ಅವಳು ಆಯಿಯನ್ನು ನೋಡಿದಳು.

"ತೊಳದಿದ್ವಿರಿ" ಅಂದಳು. ಆಮೇಲೆ, ಯಾರೂ ಕೇಳದಿದ್ದರೂ, "ನಾನ ತೊಳದೇನಿ. ಎರಡ ಸಲ."

"ಯಾವ ಹಗ್ಗಕ್ಕ ಒಣ ಹಾಕಿದ್ದಿ ಅಕ್ಕಾ? ಅಷ್ಟ ಉದ್ದ ಬಟ್ಟಿ, ಯಾರ ಕಣ್ಣಿಗೂ ಬೀಳಲಿಲ್ಲೇನು?"

ಅವಳು ಕೂಸಿನ ಅಂಗಿ ಸರಿ ಮಾಡಿದಳು. ಹಿರಿಯರು, "ಆತಲ್ಲ, ಮುಗೀತು, ಊಟಕ್ಕ ಏಳ್ರಿ" ಎಂದರು. ಅಪ್ಪ ಅಂಗಳಕ್ಕೆ ಇಳಿದು ಸೀರೆಯನ್ನು ಎತ್ತಿ, ಮಣ್ಣು ಕೊಡವಿ, ಮಡಿಕೆ ತಪ್ಪದ ಹಾಗೆ ಮಡಚಿ ಚೀಲಕ್ಕೆ ಹಾಕಿದ. ಅಕ್ಕನಿಗೆ ತಂದದ್ದನ್ನೂ ಚೀಲದಿಂದ ತೆಗೆಯಲಿಲ್ಲ. ಊಟ ಮಾಡದೆ ಹೊರಟೆವು. ಬನಹಟ್ಟಿ ಮುಟ್ಟುವವರೆಗೆ ಅವನು ಆಡಿದ್ದು ಒಂದೇ ಮಾತು: "ಎರಡ ಸಲ ಅಂದ್ಲು ನೋಡು."

ವಾರದ ಮೇಲೆ ಅಕ್ಕ ಫೋನು ಮಾಡಿದಳು.

"ನಾ ಈ ಮನ್ಯಾಗ ಬಾಳಬೇಕ ವಿದ್ಯಾ. ಮಗನ್ನ ಕಟಗೊಂಡ ಎಲ್ಲಿಗಿ ಹೋಗಲಿ? ಮಗನ ಕೊಂದಾಕಿ ನೀನ ಅಂತ ಊರ ಅಂದ್ರ ಆಯಿ ಬಾವಿ ಬೀಳತಾಳ. ಅಪ್ಪ ಗಂಡಸು, ಹೆಂಗರ ತಡಕೋತಾನ."

"ತಡಕೋತಾನ ಅಂತ ಅವನ ಮ್ಯಾಲೆ ಹಾಕಿದಿ."

"ನಿನಗೂ ಒಂದ ಲಗ್ನ ಆಗಲಿ, ತಿಳೀತೈತಿ."

ನಾನು ಫೋನಿಟ್ಟೆ. ಅವಳ ಭಯ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಅರ್ಥವಾಗುತ್ತದೆ. ಆದರೆ ಅದೇ ಸಮಯಕ್ಕೆ ಹಿಂದಿನ ಶೆಡ್ಡಿನಲ್ಲಿ ಅಪ್ಪ ಎರಡು ಮಗ್ಗಗಳನ್ನು ಬಿಚ್ಚಿಸಿ ಟೆಂಪೋಕ್ಕೆ ಹೇರಿಸುತ್ತಿದ್ದ. ವ್ಯಾಪಾರಿ ಬರುವುದನ್ನು ನಿಲ್ಲಿಸಿದ್ದ. ಉಳಿದ ಎರಡು ಮಗ್ಗಗಳಲ್ಲಿ ಈಗ ಬೇರೆಯವರ ಹೆಸರಿನಲ್ಲಿ ಮಾರುವ ಸೀರೆ ನೇಯುತ್ತಾನೆ. ಮೊದಲು ಸೀರೆಯ ತುದಿಯಲ್ಲಿ ಅವನದೊಂದು ಸಣ್ಣ ಗುರುತು ಇರುತ್ತಿತ್ತು, ಎರಡು ಕೆಂಪು ಎಳೆ. ಅದನ್ನು ಬಿಟ್ಟುಬಿಟ್ಟಿದ್ದಾನೆ.

ಮಾಮಾನ ಮೇಲೆ ನನಗೆ ಸಿಟ್ಟಿದೆ, ಸತ್ತವನೆಂದು ಅದು ಕಡಿಮೆಯಾಗಿಲ್ಲ. ಬಲ್ಲವನಾಗಿ ನಕ್ಕು ಬಿಟ್ಟ. ಆಯಿಯ ಮೇಲಿನ ಸಿಟ್ಟನ್ನು ಬರೆದರೆ ಕಾಗದ ಸಾಲದು. ಬದುಕಿದ್ದಾಳೆ, ಗಟ್ಟಿಯಾಗಿದ್ದಾಳೆ. ಅಂದು ಮಡ್ಡಿಯಲ್ಲಿ ನಕ್ಕ ಜನ ಈಗ ಕಟಿಂಗ್ ಮಾಡಿಸಿಕೊಳ್ಳುತ್ತ ಹುಲಿಯ ಬೋರ್ಡಿನ ಕೆಳಗೆ ಕೂರುತ್ತಾರೆ. ವಯಸ್ಸಾದವರು ನನಗೆ ಮರೆಯಲು ಹೇಳುತ್ತಾರೆ. ಅವರಲ್ಲಿ ಯಾರೂ ಅಪ್ಪನಿಂದ ಸೀರೆ ಕೊಂಡಿಲ್ಲ.

ಬೋರ್ಡು ಕಂಡ ದಿನವೇ ಸಂಜೆ ಜಮಖಂಡಿಯ ಬಸ್ಸು ಹತ್ತಿದೆ. ನಾನೀಗ ಅಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬಸ್ಸು ಕಿಕ್ಕಿರಿದಿತ್ತು. ಮಧ್ಯದ ಸೀಟಿನಲ್ಲಿ ಅಕ್ಕ ಕೂತಿದ್ದಳು, ಕಿಟಕಿಗೆ ತಲೆಯಿಟ್ಟು ಮಗ ನಿದ್ದೆ ಹೋಗಿದ್ದ. ನನ್ನನ್ನು ಕಂಡವಳೇ ಪಕ್ಕದಲ್ಲಿದ್ದ ಚೀಲವನ್ನು ತೊಡೆಗೆ ಎಳೆದುಕೊಂಡಳು.

"ಬಾ, ಕುಂದ್ರ."

ನಾನು ಹಿಂದೆ ಬರುತ್ತಿದ್ದ ಬುಟ್ಟಿಯ ಮುದುಕಿಗೆ ಆ ಜಾಗ ತೋರಿಸಿದೆ. "ಕುಂದ್ರಬೇ ಯಮ್ಮಾ" ಅಂದೆ. ಮುದುಕಿ ಕೂತು ಬುಟ್ಟಿ ಕಾಲ ಸಂದಿಯಲ್ಲಿ ಇಟ್ಟುಕೊಂಡಳು. ಬಸ್ಸು ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮುದುಕಿಯ ಹಿಂದಿನಿಂದ ಕತ್ತು ಚಾಚಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದಳು:

"ಅಪ್ಪ ಹೆಂಗದಾನ?"

"ಜೋರಾಗಿ ಕೇಳು" ಅಂದೆ. "ಎಲ್ಲಾರಿಗೂ ಕೇಳಸಲಿ."

ಮುದುಕಿ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. ಮುಂದಿನ ಸೀಟಿನವರು ಹಿಂದೆ ತಿರುಗಿದರು. ಅಕ್ಕ ಅವರ ಮುಖ ನೋಡಿ, ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ನಾನು ಮೇಲಿನ ಕಂಬಿ ಹಿಡಿದು ಜಮಖಂಡಿಯವರೆಗೆ ನಿಂತೇ ಬಂದೆ.